ಅಂಬೇಡ್ಕರ್ ಜಯಂತಿ ದಿನ ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಮಕ್ಕಳಿಗೆ ಹೇಳಬೇಕು, ಎಲ್ಲಿಂದ ಶುರು ಮಾಡಲಿ?

ಗ್ರಂಥಾಲಯದ ಅಕ್ಕ, ಬಂಗಾರಪೇಟೆ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ.

ನಾನು ಬಂಗಾರಪೇಟೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ. ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳು ಬಂದು ಕೂತು ಓದ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಒಂದು ದಿನ ಹಳೇ ಪೇಪರಿನ ಪುರವಣಿ ಹಿಡ್ಕೊಂಡು ಬಂದಳು. ಅದರಲ್ಲಿ ಕಿಂಗ್ ಅವರು ತಮ್ಮ ಆಫೀಸಿನಲ್ಲಿ ನಿಂತಿರೋ ಫೋಟೊ. ಹಿಂದೆ ಗೋಡೆ ಮೇಲೆ ಗಾಂಧೀಜಿ ಚಿತ್ರ. "ಅಕ್ಕಾ, ಅಮೆರಿಕದವರ ಗೋಡೆ ಮೇಲೆ ನಮ್ಮ ಗಾಂಧಿ ಯಾಕಿದ್ದಾರೆ?" ಅಂದಳು. ಅಲ್ಲಿಂದ ಶುರುವಾಗಿ ಮಕ್ಕಳು ಸಿಕ್ಕಿದ್ದೆಲ್ಲ ಓದಿದರು. 1929ರಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿದ್ದು, ಪಾದ್ರಿಯಾಗಿದ್ದು, ಅಮೆರಿಕದ ಕರಿಯರ ಹಕ್ಕಿಗಾಗಿ ಅಹಿಂಸೆಯ ದಾರಿಯಲ್ಲಿ ಹೋರಾಡಿದ್ದು, 1964ರಲ್ಲಿ 35ನೇ ವಯಸ್ಸಿಗೇ ನೊಬೆಲ್ ಶಾಂತಿ ಪ್ರಶಸ್ತಿ ಬಂದಿದ್ದು, 39ನೇ ವಯಸ್ಸಿಗೆ ಗುಂಡಿಗೆ ಬಲಿಯಾಗಿದ್ದು ಎಲ್ಲ ಅವರಿಗೆ ಬಾಯಿಪಾಠ. ಏಪ್ರಿಲ್ 4 ಅವರು ತೀರಿಹೋದ ದಿನ, ಏಪ್ರಿಲ್ 14 ಬಾಬಾಸಾಹೇಬರು ಹುಟ್ಟಿದ ದಿನ. ಈ ಸಲ ಜಯಂತಿಯಲ್ಲಿ ಕಿಂಗ್ ಅವರ ಫೋಟೊವನ್ನೂ ಇಟ್ಟು ಒಂದು ಗಂಟೆ ಅವರ ಬಗ್ಗೆ ಏನಾದರೂ ಮಾಡೋಣ ಅಂತ ಮಕ್ಕಳೇ ತೀರ್ಮಾನ ಮಾಡಿದ್ದಾರೆ.

ಪೂರ್ವಭಾವಿ ಸಭೆಯಲ್ಲಿ ಎರಡು ಮಾತು ಬಂತು. ಎರಡಕ್ಕೂ ಸರಿಯಾಗಿ ಉತ್ತರ ಕೊಡಬೇಕು ಅನ್ನೋದು ನನ್ನ ಆಸೆ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ನಮ್ಮ ಕಾಲೋನಿಯ ಹಿರಿಯರೊಬ್ಬರು, ವರ್ಷಾ ವರ್ಷಾ ಜಯಂತಿಗೆ ಮೊದಲು ಚಂದಾ ಕೊಡೋರು, "ನಮ್ಮಪ್ಪನ ಹಬ್ಬಕ್ಕೆ ಅಮೆರಿಕದವರ ಫೋಟೊ ಯಾಕಮ್ಮ? ಅವರಿಗೂ ನಮಗೂ ಏನು ಸಂಬಂಧ?" ಅಂದರು. ಅವರ ಮಾತಲ್ಲಿ ಸಿಟ್ಟಿರಲಿಲ್ಲ, ನಿಜವಾಗಲೂ ತಿಳ್ಕೋಬೇಕು ಅಂತ ಕೇಳಿದ್ದು. ಎರಡನೆಯದು ಕೋಲಾರದಲ್ಲಿ ಡಿಗ್ರಿ ಓದ್ತಿರೋ ಹುಡುಗನದು. "ಅಕ್ಕಾ, ಅಹಿಂಸೆ ಅಹಿಂಸೆ ಅಂತ ಒದೆ ತಿನ್ನೋರಿಗೇ ಯಾಕೆ ಪಾಠ? ಒದೆಯೋರನ್ನ ಕೂರಿಸಿಕೊಂಡು ಹೇಳಿ." ಸಭೆಯಲ್ಲಿದ್ದ ಹೆಂಗಸರೆಲ್ಲ ಹೌದು ಅಂತ ತಲೆಯಾಡಿಸಿದರು. ನನಗೂ ಆ ಮಾತು ತಟ್ಟಿತು.

ಮಕ್ಕಳಲ್ಲಿ ಒಬ್ಬನಿಗೆ ಕೋಟು ಟೈ ಹಾಕಿಸಿ "ನನಗೊಂದು ಕನಸಿದೆ" ಅಂತ ಇಂಗ್ಲಿಷಲ್ಲಿ ಒಪ್ಪಿಸೋ ಹಾಗೆ ಮಾಡೋದು ಸುಲಭ. ಅದು ನನಗೆ ಬೇಡ. ಚಪ್ಪಾಳೆ ಬೀಳುತ್ತೆ, ಮನೆಗೆ ಹೋಗ್ತಾರೆ, ಮುಗೀತು. ನಮ್ಮ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕಿಂಗ್ ಅವರು ಏನು ಮಾಡಿದರು, ಹೇಗೆ ಮಾಡಿದರು ಅನ್ನೋದು ಈ ಮಕ್ಕಳ ಮನಸ್ಸಿಗೆ ಇಳೀಬೇಕು. ನನ್ನ ಹತ್ತಿರ ಇರೋದು ಒಂದು ಹಾಲ್, ಒಂದು ಟಿವಿ, ಒಂದು ಗಂಟೆ. ಯಾರಾದರೂ ದಾರಿ ತೋರಿಸಿ.

ಗೌರಿಬಿದನೂರಿನ ಮೇಷ್ಟ್ರು:

ಅಕ್ಕಾವ್ರೇ, ಬಸ್ಸಿನಿಂದ ಶುರು ಮಾಡಿ. ಬಸ್ಸು ಗೊತ್ತಿಲ್ಲದ ಮಗು ನಮ್ಮ ಕಡೆ ಯಾವುದಿದೆ?

ಹಾಲಿನಲ್ಲಿ ಬೆಂಚುಗಳನ್ನು ಸಾಲಾಗಿ ಜೋಡಿಸಿದರೆ ಬಸ್ಸಾಯಿತು. ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಊರಿನ ಬಸ್ಸುಗಳಲ್ಲಿ ಮುಂದಿನ 10 ಸೀಟು ಬಿಳಿಯರಿಗೆ ಮೀಸಲು. ಅವು ಖಾಲಿ ಇದ್ದರೂ ಕರಿಯರು ಕೂರುವಂತಿಲ್ಲ. ಎಷ್ಟೋ ಸಲ ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಂದ ಹತ್ತಬೇಕಿತ್ತು. ಮಕ್ಕಳು ಇದನ್ನೊಮ್ಮೆ ಮಾಡಿ ನೋಡಲಿ. ಟಿಕೆಟ್ ತಗೊಂಡು ಇಳಿದು ಹಿಂದಕ್ಕೆ ನಡೆಯುವಾಗ ಮೈಗೆ ಆಗುವ ಅವಮಾನವನ್ನು ಭಾಷಣದಲ್ಲಿ ಹೇಳಿ ತಿಳಿಸಲಾಗುವುದಿಲ್ಲ.

1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಸೀಟು ಬಿಡದೆ ಬಂಧನಕ್ಕೆ ಒಳಗಾದ ಕಥೆ ಎಲ್ಲ ಕಡೆ ಸಿಗುತ್ತದೆ. ನಿಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಗೆ ಕ್ಲಾಡೆಟ್ ಕಾಲ್ವಿನ್ ಕಥೆ ಕೊಡಿ. ಅದೇ ಊರು, ಅದೇ ವರ್ಷದ ಮಾರ್ಚ್ 2, ರೋಸಾ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲು. ಕಾಲ್ವಿನ್‌ಗೆ ಆಗ 15 ವರ್ಷ. ಶಾಲೆಯಲ್ಲಿ ತಮ್ಮ ಜನರ ಚರಿತ್ರೆಯ ಪಾಠ ಕೇಳಿದ್ದಳು. ಗುಲಾಮಗಿರಿಯ ವಿರುದ್ಧ ಹೋರಾಡಿದ ಹೆಂಗಸರು ಎರಡೂ ಭುಜ ಹಿಡಿದು ಕೂರಿಸಿದ ಹಾಗಾಯಿತು, ಅದಕ್ಕೇ ಏಳಲಿಲ್ಲ ಎಂದು ಮುಂದೆ ಹೇಳಿಕೊಂಡಿದ್ದಾಳೆ. ಪೊಲೀಸರು ಎಳೆದೊಯ್ದರು. ಬಸ್ಸಿನ ಆ ಕಾನೂನನ್ನೇ ಬೀಳಿಸಿದ ಮೊಕದ್ದಮೆಯಲ್ಲಿ ವಾದಿಗಳಾಗಿದ್ದ ನಾಲ್ವರು ಹೆಂಗಸರಲ್ಲಿ ಅವಳೂ ಒಬ್ಬಳು. ಓದಿದ್ದು ಒಂದು ಹುಡುಗಿಯನ್ನು ಸೀಟಿನಲ್ಲಿ ಗಟ್ಟಿಯಾಗಿ ಕೂರಿಸಿತು ಎಂಬ ಕಥೆಯನ್ನು ಗ್ರಂಥಾಲಯದಲ್ಲಿ ಹೇಳದೆ ಇನ್ನೆಲ್ಲಿ ಹೇಳಬೇಕು?

ನಿಮ್ಮ ಹಿರಿಯರಿಗೆ ಇನ್ನೊಂದು ಮಾತು. ನಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬರಿಗೈಯಲ್ಲಿ ಬಾವುಟ ಹಿಡಿದು ಸೇರಿದ್ದವರ ಮೇಲೆ ಗುಂಡು ಹಾರಿತು. ಅದೂ ಏಪ್ರಿಲ್ ತಿಂಗಳೇ. ಆ ಸಾವುಗಳಾದ ಮೇಲೆಯೇ ಸರ್ದಾರ್ ಪಟೇಲ್ ಮತ್ತು ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ, ಮೈಸೂರು ಸಂಸ್ಥಾನದಲ್ಲಿ ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಿಗೆ ಸಿಕ್ಕಿದ್ದು. ರಜೆಯಲ್ಲಿ ಮಕ್ಕಳನ್ನು ಒಮ್ಮೆ ಕರೆದುಕೊಂಡು ಬನ್ನಿ, ಸ್ಮಾರಕ ತೋರಿಸುತ್ತೇನೆ.

ಪೌರಕಾರ್ಮಿಕರ ಮಗಳು, ಕೆಜಿಎಫ್:

ತಂಗೀ, ನಿನ್ನ ಪೋಸ್ಟ್ ಓದಿ ಸುಮ್ಮನಿರೋಕೆ ಆಗಲಿಲ್ಲ. ಉದ್ದ ಬರೀತೀನಿ, ಓದು.

ಮೇಷ್ಟ್ರು ಬಸ್ಸಿನಿಂದ ಶುರು ಮಾಡು ಅಂದಿದ್ದಾರೆ, ಚೆನ್ನಾಗಿದೆ. ನನ್ನ ಕೇಳಿದರೆ ಕಸದ ಲಾರಿಯಿಂದ ಶುರು ಮಾಡು. ಎಲ್ಲರೂ ಕಿಂಗ್ ಅವರ ಕನಸಿನ ಭಾಷಣ ಹೇಳ್ತಾರೆ. 1963ರ ಆಗಸ್ಟ್ 28, ವಾಷಿಂಗ್ಟನ್, ಎರಡೂವರೆ ಲಕ್ಷ ಜನ. ಅದು ದೊಡ್ಡದೇ. ಆದರೆ ಅವರು ಪ್ರಾಣ ಬಿಟ್ಟ ಊರಿಗೆ ಯಾಕೆ ಹೋಗಿದ್ದರು ಅಂತ ಕೇಳಿದರೆ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಸ ಎತ್ತೋರ ಮುಷ್ಕರಕ್ಕೆ ಹೋಗಿದ್ದರು.

ಟೆನೆಸ್ಸಿ ರಾಜ್ಯದ ಮೆಂಫಿಸ್. 1968ರ ಫೆಬ್ರುವರಿ 1, ಜೋರು ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಅಂತ ಇಬ್ಬರು ಕಸದ ಕೆಲಸದವರು ಮಳೆಗೆ ನಿಲ್ಲೋಕೆ ಜಾಗ ಇಲ್ಲದೆ ಲಾರಿ ಹಿಂದೆ, ಕಸ ಒತ್ತೋ ಜಾಗದಲ್ಲಿ ಹತ್ತಿ ನಿಂತರು. ಮಿಷನ್ ಕೆಟ್ಟಿತ್ತು. ತಾನಾಗಿ ಶುರುವಾಗಿ ಇಬ್ಬರನ್ನೂ ಒಳಕ್ಕೆ ಎಳೆದು ಒತ್ತಿಬಿಡ್ತು. ಲಾರಿ ಕೆಟ್ಟಿದೆ ಅಂತ ಕೆಲಸದವರು ಮೊದಲೇ ದೂರು ಹೇಳಿದ್ದರು. ಫೆಬ್ರುವರಿ 12ಕ್ಕೆ ಸುಮಾರು 1,300 ಜನ ಕೆಲಸ ನಿಲ್ಲಿಸಿದರು. ಎದೆ ಮೇಲೆ ಒಂದೇ ಬೋರ್ಡು: ನಾನೂ ಮನುಷ್ಯ.

ಇದನ್ನ ಓದಿದಾಗ ನನಗೆ ಅಮ್ಮನ ಕಪ್ಪು ಕಣ್ಮುಂದೆ ಬಂತು. ಅಮ್ಮ ಗುಡಿಸ್ತಿದ್ದ ಬೀದಿಯ ಒಂದು ಮನೆಯೋರು ಒಳ್ಳೇ ಜನ, ದಿನಾ ಕಾಫಿ ಕೊಡೋರು. ಕಾಂಪೌಂಡ್ ಗೋಡೆ ಮೇಲೆ ಹಿಡಿ ಮುರಿದ ಒಂದು ಪಿಂಗಾಣಿ ಕಪ್ಪು ಬೋರಲು ಹಾಕಿರ್ತಿತ್ತು. ಅಂಚಲ್ಲಿ ನೀಲಿ ಗೆರೆ, ಒಂದು ಕಡೆ ಸೀಳು, ಆ ಸೀಳಲ್ಲಿ ಕಂದು ಬಣ್ಣ ಕೂತುಬಿಟ್ಟಿತ್ತು. ಅಮ್ಮನೇ ಅದನ್ನ ತೊಳೆದು ನೆಲದ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರೀಬೇಕು. ಆಮೇಲೆ ಅವರು ಮೇಲಿಂದ ಹುಯ್ಯೋರು. ಕುಡಿದು, ಮತ್ತೆ ತೊಳೆದು, ಬೋರಲು ಹಾಕಬೇಕು. ಮಳೆ ಬಂದರೆ ಆ ಗೇಟಿನ ಒಳಗೆ ನಿಲ್ಲೋ ಹಾಗಿರಲಿಲ್ಲ. ಕೋಲ್, ವಾಕರ್ ಲಾರಿಯೊಳಗೆ ಯಾಕೆ ನಿಂತರು ಅಂತ ನನಗೆ ಯಾರೂ ವಿವರಿಸಬೇಕಾಗಿಲ್ಲ.

ಕಿಂಗ್ ಆಗ ದೇಶದ ಎಲ್ಲ ಬಣ್ಣದ ಬಡವರನ್ನ ಸೇರಿಸಿ ವಾಷಿಂಗ್ಟನ್‌ಗೆ ಕರ್ಕೊಂಡು ಹೋಗೋ ತಯಾರಿಯಲ್ಲಿದ್ದರು. ಕೈತುಂಬ ಕೆಲಸ. ಆದರೂ ಬಂದರು. ಮಾರ್ಚ್ 28ರ ಮೆರವಣಿಗೆಯಲ್ಲಿ ಕೆಲವರು ಅಂಗಡಿ ಗಾಜು ಒಡೆದರು, ಪೊಲೀಸರು ಬಿದ್ದರು, ಒಬ್ಬ ಹುಡುಗ ಪೊಲೀಸ್ ಗುಂಡಿಗೆ ಸತ್ತ. ಎಷ್ಟೋ ಪತ್ರಿಕೆಗಳು ಕಿಂಗ್ ಅವರನ್ನೇ ಟೀಕಿಸಿ ಬರೆದವು. ಅವರು ವಾಪಸ್ ಹೋಗಿ ಸುಮ್ಮನಿರಬಹುದಿತ್ತು. ಶಾಂತವಾಗಿ ಇನ್ನೊಂದು ಮೆರವಣಿಗೆ ಮಾಡಿಯೇ ತೀರ್ತೀನಿ ಅಂತ ಮತ್ತೆ ಬಂದರು. ಏಪ್ರಿಲ್ 3ರ ರಾತ್ರಿ ಗುಡುಗು ಮಳೆಯಲ್ಲಿ ಕೊನೇ ಭಾಷಣ, 4ರ ಸಂಜೆ ಲೊರೇನ್ ಮೋಟೆಲಿನ ಬಾಲ್ಕನಿಯಲ್ಲಿ ಗುಂಡು. ನಾಲ್ಕು ದಿನ ಆದ ಮೇಲೆ, ಗಂಡನ ಮಣ್ಣಿಗೂ ಮುಂಚೆ, ಕೊರೆಟ್ಟಾ ಕಿಂಗ್ ಮಕ್ಕಳನ್ನ ಕರ್ಕೊಂಡು ಅದೇ ಮೆಂಫಿಸ್‌ಗೆ ಬಂದು ಆ ಮೆರವಣಿಗೆಯ ಮುಂದೆ ನಡೆದರು. ಸಾವಿರ ಸಾವಿರ ಜನ, ಒಂದು ಘೋಷಣೆ ಇಲ್ಲ. ಏಪ್ರಿಲ್ 16ಕ್ಕೆ ನಗರಸಭೆ ಸಂಘಕ್ಕೆ ಮಾನ್ಯತೆ ಕೊಟ್ಟು ಸಂಬಳ ಏರಿಸೋಕೆ ಒಪ್ಪಿಕೊಳ್ತು.

ನಿಮ್ಮ ಹಿರಿಯರು ಸಂಬಂಧ ಏನು ಅಂತ ಕೇಳಿದರಲ್ಲ, ಅವರಿಗೆ ಈ ಎರಡು ಸಂಗತಿ ಹೇಳು. ಬಾಬಾಸಾಹೇಬರೇ 1946ರಲ್ಲಿ ಅಮೆರಿಕದ ಕರಿಯರ ನಾಯಕ ಡು ಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. ನೀವು ವಿಶ್ವಸಂಸ್ಥೆಗೆ ಕೊಡೋ ಅರ್ಜಿಯ ಪ್ರತಿ ಬೇಕು, ನಮ್ಮ ಜನರ ಸ್ಥಿತಿಯೂ ನಿಮ್ಮದರ ಹಾಗೇ ಇದೆ ಅಂತ. ಅವರು ಪ್ರೀತಿಯಿಂದ ಉತ್ತರ ಬರೆದರು. ಇನ್ನೊಂದು, 1959ರಲ್ಲಿ ಕಿಂಗ್ ದಂಪತಿ ನಮ್ಮ ದೇಶಕ್ಕೆ ಬಂದು ಒಂದು ತಿಂಗಳು ಸುತ್ತಿದರು. ತಿರುವನಂತಪುರದ ಶಾಲೆಯೊಂದರಲ್ಲಿ ಇದ್ದಿದ್ದು ಹೆಚ್ಚಾಗಿ ನಮ್ಮ ಜನರ ಮಕ್ಕಳು. ಅಲ್ಲಿನ ಹೆಡ್‌ಮಾಸ್ಟರು "ಮಕ್ಕಳೇ, ಅಮೆರಿಕದಿಂದ ಬಂದಿರೋ ನಮ್ಮ ಹಾಗೇ ಅಸ್ಪೃಶ್ಯರಾದ ಒಬ್ಬರು" ಅಂತ ಪರಿಚಯ ಮಾಡಿಕೊಟ್ಟರಂತೆ. ಕಿಂಗ್‌ಗೆ ಮೊದಲು ಕಸಿವಿಸಿ ಆಯ್ತಂತೆ. ಆಮೇಲೆ ತಮ್ಮ ದೇಶದಲ್ಲಿ ಕೊಳಗೇರಿಯಲ್ಲಿ ಕೂಡಿಹಾಕಿರೋ ಎರಡು ಕೋಟಿ ಜನ ನೆನಪಾಗಿ, ಹೌದು, ನಾನೂ ಅಸ್ಪೃಶ್ಯನೇ ಅಂದುಕೊಂಡರಂತೆ. 1965ರಲ್ಲಿ ತಮ್ಮ ಚರ್ಚಿನಲ್ಲಿ ಅವರೇ ಇದನ್ನ ಹೇಳಿದ್ದು. ಅವರೇ ಒಪ್ಕೊಂಡು ನಮ್ಮ ಪಕ್ಕ ಕೂತಿರುವಾಗ ಫೋಟೊ ಪಕ್ಕದಲ್ಲಿ ಇಡೋದಕ್ಕೆ ಯಾರ ಅಡ್ಡಿ?

ಇನ್ನು ಆ ಕೋಲಾರದ ಹುಡುಗನ ಪ್ರಶ್ನೆ. ಅದು ನನ್ನದೂ ಆಗಿತ್ತು, ತುಂಬ ವರ್ಷ. ಅಹಿಂಸೆ ಅಂದರೆ ಬಡಿದರೆ ಬಡಿಸ್ಕೊಂಡು ತಲೆ ಬಗ್ಗಿಸಿ ಹೋಗೋದು ಅಂತ ಯಾರೋ ನಮಗೆ ಕಲಿಸಿಬಿಟ್ಟಿದ್ದಾರೆ. ಕಿಂಗ್ ಮತ್ತು ಅವರ ಜೊತೆಯೋರು ಮಾಡಿದ್ದು ಏನು ಅಂತ ವಿವರವಾಗಿ ನೋಡಿದರೆ ಅದು ಬೇರೆಯೇ. ರೋಸಾ ಪಾರ್ಕ್ಸ್ ಬಂಧನ ಆದ ಮೇಲೆ ಕಿಂಗ್ ಮುಂದಾಳತ್ವದಲ್ಲಿ 381 ದಿನ ಮಾಂಟ್‌ಗೊಮರಿಯ ಕರಿಯರು ಬಸ್ ಹತ್ತಲಿಲ್ಲ. ಹಾಗಂತ ಕೆಲಸಕ್ಕೆ ಹೋಗೋದು ಬಿಟ್ಟರಾ? ಸುಮಾರು 300 ಕಾರುಗಳನ್ನ ಒಟ್ಟು ಮಾಡಿ, ಯಾವ ಮೂಲೆಯಲ್ಲಿ ಎಷ್ಟು ಗಂಟೆಗೆ ಯಾರು ಹತ್ತಬೇಕು ಅಂತ ಪಟ್ಟಿ ಮಾಡಿ ಓಡಿಸಿದರು. ರೋಸಾ ಪಾರ್ಕ್ಸ್ ಬಂಧನ ಆದ ರಾತ್ರಿಯೇ ಕಾಲೇಜು ಮೇಡಂ ಜೋ ಆನ್ ರಾಬಿನ್‌ಸನ್ ಬೆಳಗಿನ ತನಕ ಕೂತು ಸಾವಿರಾರು ಕರಪತ್ರ ಅಚ್ಚು ಹಾಕಿದರು. ಅಡುಗೆ ಕೆಲಸದ ಜಾರ್ಜಿಯಾ ಗಿಲ್ಮೋರ್ ಅನ್ನೋ ಹೆಂಗಸು ನೆರೆಹೊರೆಯ ಹೆಂಗಸರನ್ನ ಸೇರಿಸಿಕೊಂಡು ಕೇಕು, ಕೋಳಿ ಸ್ಯಾಂಡ್‌ವಿಚ್ ಮಾಡಿ ಮಾರಿ ಪೆಟ್ರೋಲಿಗೆ ದುಡ್ಡು ಕೊಟ್ಟರು. ಚಳವಳಿಗೆ ಸೇರಿದ್ದಕ್ಕೆ ಆಕೆಗೆ ಇದ್ದ ಕೆಲಸ ಹೋಯ್ತು. ನಿಮ್ಮೂರಿನ ಸ್ತ್ರೀಶಕ್ತಿ ಸಂಘದೋರಿಗೆ ಈ ಗಿಲ್ಮೋರ್ ಅಮ್ಮನ ಕಥೆ ಹೇಳು, ತಕ್ಷಣ ಅರ್ಥ ಆಗುತ್ತೆ.

ಅಲಬಾಮಾದ್ದೇ ಇನ್ನೊಂದು ಊರು ಬರ್ಮಿಂಗ್‌ಹ್ಯಾಮ್‌ನಲ್ಲಿ 1963ರಲ್ಲಿ ಬೀದಿಗಿಳಿಯೋ ಪ್ರತಿಯೊಬ್ಬರೂ ಹತ್ತು ಅಂಶದ ಕಾರ್ಡಿಗೆ ಸಹಿ ಹಾಕಬೇಕಿತ್ತು. ಕೈಯಲ್ಲೂ ನಾಲಿಗೆಯಲ್ಲೂ ಮನಸ್ಸಲ್ಲೂ ಹಿಂಸೆ ಮಾಡಲ್ಲ ಅಂತ. ನನ್ನಿಂದ ಆಗಲ್ಲ, ಹೊಡೆದರೆ ನಾನೂ ಹೊಡೀತೀನಿ ಅನ್ನೋರನ್ನ ಹಳಿಯಲಿಲ್ಲ. ಟೈಪ್ ಮಾಡಿ, ಕಾರು ಓಡಿಸಿ, ಅಡುಗೆ ಮಾಡಿ ಅಂತ ಬೇರೆ ಕೆಲಸ ಕೊಟ್ಟರು. ತರಬೇತಿಯಲ್ಲಿ ತಮ್ಮವರೇ ಎದುರಾಳಿಗಳ ಪಾತ್ರ ಮಾಡಿ ಬೈದು, ತಳ್ಳಿ, ಸಿಗರೇಟ್ ಹೊಗೆ ಮುಖಕ್ಕೆ ಬಿಟ್ಟು ಅಭ್ಯಾಸ ಮಾಡಿಸೋರು. ನ್ಯಾಶ್‌ವಿಲ್‌ನಲ್ಲಿ ಈ ತರಬೇತಿ ಕೊಡ್ತಿದ್ದ ಜೇಮ್ಸ್ ಲಾಸನ್ ಇದ್ದರಲ್ಲ, ಅವರು ನಮ್ಮ ನಾಗಪುರದ ಕಾಲೇಜಿನಲ್ಲಿ ಮೂರು ವರ್ಷ ಇದ್ದು ಹೋದವರು. ಮೆಂಫಿಸ್‌ಗೆ ಬನ್ನಿ ಅಂತ ಕಿಂಗ್‌ನ ಕರೆದವರೂ ಅವರೇ.

ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಕಾಗದದಲ್ಲಿ ಕಿಂಗ್ ನಾಲ್ಕು ಹೆಜ್ಜೆ ಹೇಳ್ತಾರೆ. ಮೊದಲು ಅನ್ಯಾಯ ಆಗ್ತಿರೋದು ನಿಜವಾ ಅಂತ ಮಾಹಿತಿ ಕೂಡಿಸೋದು. ಆಮೇಲೆ ಮಾತುಕತೆ. ಆಮೇಲೆ ನಮ್ಮನ್ನ ನಾವು ಸಿದ್ಧ ಮಾಡ್ಕೊಳ್ಳೋದು. ಕೊನೆಗೆ ಬೀದಿ. ನಾನು ಸಂಘದಲ್ಲಿ ಅರ್ಜಿ ಬರೆಯೋ ಕೆಲಸ ಮಾಡ್ತೀನಿ, ನನ್ನ ಅನುಭವದಲ್ಲಿ ನಮ್ಮವರು ಸೋಲೋದು ಮೊದಲನೇ ಹೆಜ್ಜೆಯಲ್ಲಿ. ಗ್ಲೌಸ್ ಕೊಟ್ಟಿಲ್ಲ ಅಂತ ಕೂಗ್ತೀವಿ, ಯಾವ ತಿಂಗಳು ಎಷ್ಟು ಜನಕ್ಕೆ ಕೊಟ್ಟಿಲ್ಲ ಅಂತ ಬರೆದಿಟ್ಟಿರಲ್ಲ. ನಮ್ಮೂರಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಅವರನ್ನ ನೋಡು. ಕೆಜಿಎಫ್ ಲೈನುಗಳ ಒಣ ಪಾಯಿಖಾನೆಗಳ ಫೋಟೊ, ಪಟ್ಟಿಯಿಂದ ಶುರುಮಾಡಿದರು. ಕೈಯಿಂದ ಮಲ ಎತ್ತಿಸೋ ಪದ್ಧತಿ ಇಲ್ಲವೇ ಇಲ್ಲ ಅಂದೋರ ಮುಂದೆ ಲೆಕ್ಕ ಇಟ್ಟರು. ಅವರು ಜೊತೆಗೂಡಿ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. 2014ರ ಮಾರ್ಚ್ 27ರ ತೀರ್ಪಿನಲ್ಲಿ, ಒಳಚರಂಡಿಯಲ್ಲಿ 1993ರಿಂದ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ಪರಿಹಾರ ಕೊಡಿ ಅಂತಾಯ್ತು. 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿದರು. ಒಂದು ಕಲ್ಲು ಎಸೆಯದೆ ಆಗಿದ್ದು ಇದು. ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಮ್ಮ ಬೀದಿಯಲ್ಲಿ ಹಬ್ಬ.

ನಿಮ್ಮ ಪಂಚಾಯ್ತಿಯಲ್ಲಿ ಸ್ವಚ್ಛವಾಹಿನಿ ಗಾಡಿ ಓಡಿಸೋ, ಕಸ ಬೇರೆ ಮಾಡೋ ಹೆಣ್ಣುಮಕ್ಕಳು ಇರಬೇಕಲ್ಲ. ಅವರನ್ನ ಕರೆ. ಹಿಂದೆ ನಿಲ್ಲಿಸಬೇಡ, ಮುಂದಿನ ಸಾಲಲ್ಲಿ ಕೂರಿಸು. ಕಾಫಿ ಕೊಡುವಾಗ ಎಲ್ಲರಿಗೂ ಒಂದೇ ಥರದ ಲೋಟ.

ಚಿಂತಾಮಣಿ ವಕೀಲ:

ಮೇಲಿನ ಅಕ್ಕನ ಮಾತಿಗೆ ನನ್ನ ಪೂರ್ತಿ ಗೌರವ ಇದೆ. ಆದರೂ ಆ ಡಿಗ್ರಿ ಹುಡುಗನ ಪರವಾಗಿ ನಾಲ್ಕು ಮಾತು ಹೇಳಲೇಬೇಕು.

ನಮ್ಮ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರ ರಾತ್ರಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಸುಟ್ಟರು. ಆಗ ಅದು ಕೋಲಾರ ಜಿಲ್ಲೆ. ಸಾಕ್ಷಿಗಳು ಪ್ರತಿಕೂಲವಾದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತರು, ಕೊಂದವರು ಯಾರೂ ಇಲ್ಲ. ಆ ಊರಿನ ಹೆಸರು ಕೇಳಿ ಬೆಳೆದ ಹುಡುಗನ ಮುಂದೆ ಅಹಿಂಸೆ ಎಂದು ಬರೀ ಬಾಯಿಮಾತಿಗೆ ಹೇಳಿದರೆ ಅವನು ಸಿಡಿಯುವುದು ನ್ಯಾಯವೇ. ಜಯಂತಿಯ ವೇದಿಕೆಯಲ್ಲಿ ಶಾಂತಿಯ ಮಾತಾಡಿ ನ್ಯಾಯದ ಮಾತು ನುಂಗುವವರನ್ನು ಅವನು ನೋಡಿದ್ದಾನೆ.

ಆದ್ದರಿಂದ ಕಿಂಗ್ ಅವರ ಜೈಲಿನ ಕಾಗದದಲ್ಲಿ ಆ ನಾಲ್ಕು ಹೆಜ್ಜೆಗಳ ಜೊತೆಗೆ ಇನ್ನೊಂದು ಭಾಗವನ್ನೂ ಓದಿ. 1963ರ ಏಪ್ರಿಲ್ 16ರಂದು ಬರೆದದ್ದು. ಮೊದಲು ಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲೇ ಬರೆಯತೊಡಗಿದರು. ಅದು ಯಾರಿಗೆ ಉತ್ತರ? ತಮ್ಮನ್ನು ಜೈಲಿಗೆ ಹಾಕಿದವರಿಗಲ್ಲ. ನಿಮ್ಮ ಬೇಡಿಕೆ ಸರಿ, ಆದರೆ ಈಗಲೇ ಬೇಡ, ಸ್ವಲ್ಪ ಕಾಯಿರಿ ಎಂದ ಎಂಟು ಜನ ಬಿಳಿ ಧರ್ಮಗುರುಗಳಿಗೆ. ಕಾಯಿರಿ ಎಂಬ ಮಾತು ಹೆಚ್ಚುಕಡಿಮೆ ಯಾವಾಗಲೂ "ಎಂದಿಗೂ ಇಲ್ಲ" ಎಂದೇ ಆಗಿದೆ ಎಂದು ಅವರು ಬರೆದರು. ಮುಸುಕು ಹಾಕಿ ಕೊಲ್ಲುವವನಿಗಿಂತ, ನ್ಯಾಯಕ್ಕಿಂತ ನೆಮ್ಮದಿ ಮುಖ್ಯ ಎನ್ನುವ ಒಳ್ಳೆಯ ಮನುಷ್ಯನೇ ನಮಗೆ ದೊಡ್ಡ ಅಡ್ಡಿಯೇನೋ ಎನ್ನುವಷ್ಟು ಖಾರವಾಗಿ ಬರೆದರು. ಹುಡುಗ ಕೇಳಿದ್ದೂ ಅದನ್ನೇ. ಪಾಠ ಒದೆ ತಿನ್ನುವವರಿಗಲ್ಲ, ನೋಡುತ್ತ ನಿಂತವರಿಗೆ ಎಂಬುದೇ ಕಿಂಗ್ ಅವರ ಆ ಕಾಗದದ ಅರ್ಥ. ಆ ಭಾಗವನ್ನು ಅವನ ಕೈಯಿಂದಲೇ ಓದಿಸಿ.

ಅದೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಅದೇ ವರ್ಷದ ಸೆಪ್ಟೆಂಬರ್ 15ರ ಭಾನುವಾರ ಚರ್ಚಿನಲ್ಲಿ ಬಾಂಬಿಟ್ಟರು. ನಾಲ್ಕು ಹುಡುಗಿಯರು ಸತ್ತರು. ಮೂವರಿಗೆ 14 ವರ್ಷ, ಒಬ್ಬಳಿಗೆ 11. ಮೊದಲನೇ ಅಪರಾಧಿಗೆ ಶಿಕ್ಷೆಯಾದದ್ದು 1977ರಲ್ಲಿ. ಇನ್ನಿಬ್ಬರಿಗೆ 2001, 2002ರಲ್ಲಿ, ಅಂದರೆ ಸುಮಾರು 38, 39 ವರ್ಷಗಳ ನಂತರ. ಮುಚ್ಚಿದ ಕಡತವನ್ನು ಮತ್ತೆ ಮತ್ತೆ ತೆರೆಸಿದವರು ಇದ್ದರು, ಅದಕ್ಕೇ ಆಯಿತು. ಕಂಬಾಲಪಲ್ಲಿಯ ಬಗ್ಗೆ ಮಾತಾಡುವುದನ್ನು ನಾವು ನಿಲ್ಲಿಸಬಾರದು ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಸಭೆಯಲ್ಲಿ ತಿಳಿದವರು ಯಾರಾದರೂ ಇನ್ನೊಂದು ಪ್ರಶ್ನೆ ಎತ್ತಬಹುದು, ಸಿದ್ಧವಾಗಿರಿ. ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ಸಂವಿಧಾನದ ದಾರಿ ತೆರೆದ ಮೇಲೆ ಸತ್ಯಾಗ್ರಹ, ಅಸಹಕಾರಗಳನ್ನು ಬಿಡಬೇಕು ಎಂದಿದ್ದರು. ಹಾಗಾದರೆ ಕಿಂಗ್ ದಾರಿ ಬೇರೆಯಲ್ಲವೇ? ನನ್ನ ಅಭಿಪ್ರಾಯ ಹೇಳುತ್ತೇನೆ. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಲು ಸಾವಿರಾರು ಜನರನ್ನು ಬರಿಗೈಯಲ್ಲಿ ನಡೆಸಿಕೊಂಡು ಹೋದವರು ಬಾಬಾಸಾಹೇಬರೇ. ಪೆಟ್ಟು ತಿಂದ ಜನ ತಿರುಗಿಬೀಳದಂತೆ ತಡೆದು, ಕೋರ್ಟಿನಲ್ಲಿ ಕೇಸು ನಡೆಸಿದವರೂ ಅವರೇ. ಮಾಂಟ್‌ಗೊಮರಿಯಲ್ಲೂ ಬೀದಿಯಲ್ಲಿ ಬಹಿಷ್ಕಾರ ನಡೆಯುತ್ತಿರುವಾಗಲೇ ಕೋರ್ಟಿನಲ್ಲಿ ಮೊಕದ್ದಮೆ ನಡೆಯುತ್ತಿತ್ತು. 1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬಸ್ಸಿನ ಕಾನೂನನ್ನು ರದ್ದು ಮಾಡಿದ ಮೇಲೆಯೇ ಜನ ಮತ್ತೆ ಬಸ್ಸು ಹತ್ತಿದ್ದು. ಇಬ್ಬರೂ ಕಾನೂನನ್ನು ಕೈಬಿಟ್ಟವರಲ್ಲ. ವ್ಯತ್ಯಾಸ ಇದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ, ಮಕ್ಕಳು ಚರ್ಚೆ ಮಾಡಲಿ.

ಪೌರಕಾರ್ಮಿಕರ ಮಗಳು, ಕೆಜಿಎಫ್:

ವಕೀಲ್ ಅಣ್ಣ, ಕಂಬಾಲಪಲ್ಲಿ ಹೆಸರು ತೆಗೆದಿದ್ದು ಒಳ್ಳೇದಾಯ್ತು. ಆ ಹೆಸರಿಲ್ಲದೆ ಈ ಭಾಗದಲ್ಲಿ ಅಹಿಂಸೆಯ ಮಾತು ಪೂರ್ತಿ ಆಗಲ್ಲ.

ಒಂದೇ ಒಂದು ಸೇರಿಸ್ತೀನಿ. 1956ರ ಜನವರಿ 30ರ ರಾತ್ರಿ ಕಿಂಗ್ ಸಭೆಯಲ್ಲಿದ್ದಾಗ ಅವರ ಮನೆ ಮೇಲೆ ಬಾಂಬ್ ಬಿತ್ತು. ಒಳಗೆ ಹೆಂಡತಿ, ಎರಡೂವರೆ ತಿಂಗಳ ಹಸುಗೂಸು. ಇಬ್ಬರಿಗೂ ಏನೂ ಆಗಲಿಲ್ಲ. ಅವರು ಓಡಿಬರೋ ಹೊತ್ತಿಗೆ ಮನೆ ಮುಂದೆ ನೂರಾರು ಜನ, ಕೆಲವರ ಕೈಯಲ್ಲಿ ಬಂದೂಕು. ಒಡೆದ ಜಗಲಿ ಮೇಲೆ ನಿಂತು, ಆಯುಧ ಇದ್ದರೆ ಮನೆಗೆ ತಗೊಂಡು ಹೋಗಿ ಅಂತ ಹೇಳಿ ಕಳಿಸಿದರು. ಆಗ ಅವರ ವಯಸ್ಸು 27. ಬೇರೆಯವರ ಮನೆಗೆ ಬಾಂಬ್ ಬಿದ್ದಾಗ ಶಾಂತಿ ಹೇಳೋರು ಬೇಕಾದಷ್ಟು ಜನ ಸಿಗ್ತಾರೆ. ತನ್ನ ಮಗು ಮಲಗಿದ್ದ ಮನೆಗೆ ಬಿದ್ದಾಗ ಹೇಳಿದರಲ್ಲ, ಅದಕ್ಕೇ ನಾನು ಅವರ ಮಾತು ಕೇಳ್ತೀನಿ. ಮಾರನೇ ದಿನ ಚಳವಳಿ ನಿಲ್ಲಲೂ ಇಲ್ಲ. ಆ ಹುಡುಗನಿಗೆ ಇದನ್ನ ನನ್ನ ಪರವಾಗಿ ಹೇಳು ತಂಗಿ. ಅವನಿಗೆ ಒಪ್ಪಿಗೆ ಆಗದಿದ್ದರೂ ಪರವಾಗಿಲ್ಲ, ಕಾರ್ಯಕ್ರಮದ ಕೆಲಸಕ್ಕೆ ಮಾತ್ರ ಅವನನ್ನ ಬಿಡಬೇಡ.

ಗ್ರಂಥಾಲಯದ ಅಕ್ಕ, ಬಂಗಾರಪೇಟೆ ತಾಲ್ಲೂಕು:

ಮೇಷ್ಟ್ರೇ, ಅಕ್ಕಾ, ವಕೀಲರೇ, ಎಲ್ಲರಿಗೂ ಕೈಮುಗಿದೆ.

ಅಕ್ಕ ಬರೆದಿದ್ದನ್ನ ಸಂಜೆ ಮಕ್ಕಳಿಗೆ ಜೋರಾಗಿ ಓದಿದೆ. ಕಪ್ಪಿನ ಭಾಗಕ್ಕೆ ಬಂದಾಗ ಇಬ್ಬರು ಮಕ್ಕಳು ಒಬ್ಬರ ಮುಖ ಒಬ್ಬರು ನೋಡ್ಕೊಂಡರು. ಅವರ ಅಜ್ಜಿಯೋರು ಇನ್ನೂ ಕೂಲಿಗೆ ಹೋಗೋ ಮನೆಗಳಲ್ಲಿ ಏನು ನಡೆಯುತ್ತೆ ಅಂತ ನಾನು ಕೇಳಲಿಲ್ಲ, ಅವರಾಗೇ ಹೇಳಲಿ ಅಂತ ಬಿಟ್ಟೆ.

ಹಿರಿಯರಿಗೆ ಡು ಬಾಯ್ಸ್ ಕಾಗದದ ವಿಷಯ ಹೇಳಿದೆ. "ನಮ್ಮಪ್ಪನೇ ಬರೆದಿದ್ದರಾ?" ಅಂತ ಎರಡು ಸಲ ಕೇಳಿದರು. ಆಮೇಲೆ ಎರಡೂ ಫೋಟೊ ಒಂದೇ ಅಳತೆಯಲ್ಲಿ ಮಾಡಿಸಿ, ಫ್ರೇಮಿನ ದುಡ್ಡು ನಾನು ಕೊಡ್ತೀನಿ ಅಂದರು.

ಈಗ ತೀರ್ಮಾನ ಆಗಿರೋದು ಹೀಗೆ. ಬಸ್ಸಿನ ಆಟ ಮಕ್ಕಳದು, ಕಾಲ್ವಿನ್ ಪಾತ್ರ ಫೋಟೊ ತಂದ ಹುಡುಗಿಯದೇ. ಡಿಗ್ರಿ ಹುಡುಗ ಜೈಲಿನ ಕಾಗದ ಓದ್ತಾನೆ. ಓದಿ ಆದ ಮೇಲೆ ತನ್ನ ತಕರಾರನ್ನೂ ವೇದಿಕೆ ಮೇಲೇ ಹೇಳ್ತೀನಿ ಅಂದಿದ್ದಾನೆ, ಹೇಳಲಿ ಅಂದೆ. ಕಂಬಾಲಪಲ್ಲಿಯ ಏಳು ಜನಕ್ಕೂ ಬರ್ಮಿಂಗ್‌ಹ್ಯಾಮ್‌ನ ನಾಲ್ಕು ಮಕ್ಕಳಿಗೂ ಎದ್ದು ನಿಂತು ಮೌನ. ಮೆಂಫಿಸ್ ಕಥೆ ಕೆಜಿಎಫ್ ಅಕ್ಕನೇ ಬಂದು ಹೇಳಬೇಕು ಅಂತ ಮಕ್ಕಳ ಹಟ. ಅಕ್ಕಾ, ದಯವಿಟ್ಟು ಬನ್ನಿ.

ಮೊದಲನೇ ಹೆಜ್ಜೆ ಅಂತ ಹೇಳಿದಿರಲ್ಲ, ಅದನ್ನ ಮಕ್ಕಳು ಈಗಲೇ ಶುರು ಮಾಡಿಬಿಟ್ಟಿದ್ದಾರೆ. ಒಂದು ನೋಟ್‌ಬುಕ್ ತಗೊಂಡು ನಮ್ಮ ಪಂಚಾಯ್ತಿಯ ಸ್ವಚ್ಛವಾಹಿನಿ ಅಕ್ಕಂದಿರ ಹತ್ತಿರ ಕೂತು ಬರ್ಕೊಂಡರು: ಗ್ಲೌಸ್ ಯಾವಾಗ ಕೊಟ್ಟಿದ್ದು, ಬೂಟು ಯಾರಿಗಿದೆ, ಹಣ ಯಾವ ತಿಂಗಳವರೆಗೆ ಬಂದಿದೆ, ಕೈ ತೊಳೆಯೋಕೆ ನೀರು ಎಲ್ಲಿ ಸಿಗುತ್ತೆ. ಅದನ್ನ ಅರ್ಜಿಯ ರೂಪಕ್ಕೆ ತರಬೇಕು. ಜಯಂತಿ ದಿನ ಪಿಡಿಒ, ಅಧ್ಯಕ್ಷರು ಇಬ್ಬರೂ ಬರ್ತಾರೆ, ಅವರ ಕೈಗೆ ಮಕ್ಕಳೇ ಕೊಡ್ತಾರೆ.

ಅಕ್ಕಾ, ನಿಮ್ಮ ಸಂಘದ ಅರ್ಜಿಯ ಒಂದು ನಮೂನೆ ಕಳಿಸ್ತೀರಾ? ಭಾನುವಾರದೊಳಗೆ ಸಿಕ್ಕಿದರೆ ಮಕ್ಕಳ ಕೈಯಲ್ಲೇ ಬರೆಸ್ತೀನಿ.